ಅಜ್ಜನ ಕೋವಿಗೆ ಉಪ್ಪುಕಾಗದ ಮುಟ್ಟಿಸಬೇಡ

ಬಸವನಗುಡಿ, ಬೆಂಗಳೂರು

ಚಿ. ಪುಟ್ಟನಿಗೆ ದೊಡ್ಡಪ್ಪನ ಆಶೀರ್ವಾದಗಳು.

ನೀನು ಕಳಿಸಿದ ಫೋಟೋ ನೋಡಿದೆ. ಅಜ್ಜನ ಕೇಪಿನ ಕೋವಿಯ (ಬಾಯಿಯಿಂದ ಮದ್ದು ತುಂಬಿ, ಕೇಪು ಅನ್ನುವ ಪುಟ್ಟ ಸಿಡಿಟೋಪಿಯಿಂದ ಹಾರಿಸುವುದು) ಲೈಸೆನ್ಸ್ ನಿನ್ನ ಹೆಸರಿಗೆ ಆಗಿ, ಕೋವಿ ಊರಿಂದ ನಿನ್ನ ಮನೆಗೆ ಬಂತಲ್ಲ, ತುಂಬಾ ಸಂತೋಷ. ಆದರೆ ಮರ ಕಪ್ಪಾಗಿದೆ, ಮೆಷಿನ್‌ನಲ್ಲಿ ಉಜ್ಜಿಸಿ ಸೋಫಾ ಥರ ಪಾಲಿಶ್ ಹೊಡೆಸುತ್ತೇನೆ ಅಂದಿದ್ದೀಯ. ದಯವಿಟ್ಟು ಬೇಡ ಕಣೋ.

ಮೊದಲು ನಳಿಗೆ, ಅಂದರೆ ಕೋವಿಯ ಕೊಳವೆ, ಖಾಲಿ ಇದೆಯಾ ನೋಡು. ಹಿಂದೆ ಕಾಡುಹಂದಿಗೆ ಕಾದು ಕೂರುವುದಕ್ಕೆ ಮದ್ದು ತುಂಬಿ, ಹಾಗೇ ಮೂಲೆಗೆ ಒರಗಿಸಿ ಮರೆತುಬಿಡುವುದಿತ್ತು. ಒಳಗೆ ಒಣಗಿಯೇ ಇದ್ದರೆ ಕರಿಮದ್ದು ಎಷ್ಟು ವರ್ಷವಾದರೂ ಸಿಡಿಯುತ್ತದೆ. ಕೇಪು ಕೂರಿಸುವ ಜಾಗದಲ್ಲಿ ಕೇಪು ಇಲ್ಲ ಅಂತ ಖಾತ್ರಿ ಮಾಡಿಕೋ. ನಳಿಗೆಯ ಬಾಯಿಯ ಎದುರು ನಿಲ್ಲದೆ, ಮದ್ದು ಜಡಿಯುವ ಕಡ್ಡಿಯನ್ನು ತಳ ಮುಟ್ಟುವವರೆಗೆ ನಿಧಾನವಾಗಿ ಇಳಿಬಿಡು. ಬಾಯಿಯ ಮಟ್ಟಕ್ಕೆ ಕಡ್ಡಿಗೆ ಟೇಪ್ ಸುತ್ತು. ಆಮೇಲೆ ಕಡ್ಡಿಯನ್ನು ಹೊರಗೆ, ನಳಿಗೆಯ ಪಕ್ಕ ಹಿಡಿದು ಅಳೆ. ತುದಿ ಹೆಚ್ಚುಕಡಿಮೆ ಕೇಪು ಕೂರಿಸುವ ಜಾಗದ ನೇರಕ್ಕೆ ಬಂದರೆ ಖಾಲಿ. ಒಂದೆರಡು ಇಂಚು ಹಿಂದೆಯೇ ನಿಂತರೆ ಒಳಗೆ ಏನೋ ಇದೆ. ಕೆದಕಲು ಹೋಗಬೇಡ, ಲೈಸೆನ್ಸ್ ಇರುವ ಕೋವಿ ಅಂಗಡಿಯವರಿಗೆ ಫೋನ್ ಮಾಡು.

ಇನ್ನು ಮರದ ವಿಷಯ. ಆ ಕಪ್ಪು ಎಲ್ಲಾ ಕೊಳೆಯಲ್ಲ. ಮೇಲಿನ ಪದರ ಮಸಿ, ಜಿಡ್ಡು, ಸರಿ. ಅದರ ಕೆಳಗಿರುವುದು ಮರ ಕುಡಿದ ಎಣ್ಣೆ, ಹಿಡಿದ ಕೈಗಳ ಸವೆತ. ಕೆನ್ನೆ ತಾಗುವ ಕಡೆ ನುಣುಪಾಗಿರುತ್ತದೆ, ಬೆರಳಿಟ್ಟು ನೋಡು. ಅದು ಒಮ್ಮೆ ಹೋದರೆ ಯಾವ ಪಾಲಿಶ್‌ನಿಂದಲೂ ವಾಪಸ್ ಬರುವುದಿಲ್ಲ. ಇನ್ನೊಂದು ತೊಂದರೆ ಇದೆ. ಕೇಪಿನ ಮೇಲೆ ಬಡಿಯುವ ‘ಕುದುರೆ’ ಕೂರುವ ಕಬ್ಬಿಣದ ತಗಡು ಮರದ ಮಟ್ಟಕ್ಕೆ ಸರಿಯಾಗಿ ಕೂತಿರುತ್ತದೆ. ಉಜ್ಜಿದರೆ ಮರ ತಗ್ಗುತ್ತದೆ, ತಗಡು ಎದ್ದು ನಿಲ್ಲುತ್ತದೆ, ಅಂಚು ದುಂಡಗಾಗುತ್ತದೆ. ತಿಳಿದವರು ನೋಡಿದ ತಕ್ಷಣ ಕೋವಿ ಕೆಟ್ಟಿದೆ ಅಂತಾರೆ. 1853ರ ಎನ್‌ಫೀಲ್ಡ್‌ನಂಥ ಸೈನ್ಯದ ಕೋವಿಗಳಲ್ಲಿ ಭುಜಕ್ಕೆ ಆನಿಸುವ ಬುಡದ ಮರದ ಮೇಲೆ ಮುದ್ರೆ ಒತ್ತಿರುತ್ತಾರೆ. ನಮ್ಮದರಲ್ಲೂ ಏನಾದರೂ ಇದೆಯಾ ಅಂತ ಟಾರ್ಚ್ ಓರೆಯಾಗಿ ಹಿಡಿದು ಹುಡುಕು.

ನಳಿಗೆ, ಕುದುರೆ ಬಿಚ್ಚಿ ಪಕ್ಕಕ್ಕಿಡು. ಯಾವ ತಿರುಪು ಯಾವ ತೂತಿನದು ಅಂತ ಬರೆದಿಡು. ಹಳೇ ತಿರುಪುಗಳು ಒಂದರ ಜಾಗಕ್ಕೆ ಇನ್ನೊಂದು ಹೊಂದುವುದಿಲ್ಲ. ಆಮೇಲೆ ಕಣ್ಣಿಗೆ ಬೀಳದ ಜಾಗದಲ್ಲಿ ಸ್ಪಿರಿಟ್ ಅದ್ದಿದ ಹತ್ತಿಯಿಂದ ಒರಸಿ ನೋಡು. ಅಂಟಂಟಾಗಿ ಕರಗಿದರೆ ಅರಗಿನ ಪಾಲಿಶ್. ಕರಗದಿದ್ದರೆ ಎಣ್ಣೆಯದೇ ಇರಬಹುದು, ಆಗ ಟರ್ಪಂಟೈನ್ ಹಚ್ಚಿದ ಬಟ್ಟೆಯಲ್ಲಿ ಜಿಡ್ಡು ಮಾತ್ರ ತೆಗೆದರೆ ಸಾಕು. ಅರಗು ಬಂದರೆ ಕೈ ಹಾಕದೆ ನನಗೆ ಹೇಳು.

ತಗ್ಗುಗಳ ಚಿಂತೆ ಬಿಡು. ಒದ್ದೆ ಬಟ್ಟೆ ಮಡಿಸಿ ತಗ್ಗಿನ ಮೇಲಿಟ್ಟು, ಇಸ್ತ್ರಿ ಪೆಟ್ಟಿಗೆಯ ತುದಿಯನ್ನು ಒಂದೆರಡು ಸೆಕೆಂಡ್ ಒತ್ತು. ಬುಸ್ ಅಂತ ಹಬೆ ಬರುತ್ತದೆ. ಒಳಗೆ ಅಮುಕಿಕೊಂಡಿದ್ದ ಮರದ ನಾರು ನೀರು ಕುಡಿದು, ಅವಲಕ್ಕಿಯ ಹಾಗೆ ಉಬ್ಬುತ್ತದೆ. ಆರಲು ಬಿಟ್ಟು ಮತ್ತೆ ಮಾಡು. ಆದರೆ ನಾರೇ ಕತ್ತರಿಸಿ ಹೋದ ಗೀರು ಹೀಗೆ ಏಳುವುದಿಲ್ಲ. ಅದನ್ನು ಹಾಗೇ ಇರಲು ಬಿಡು, ಅದು ಅಜ್ಜನ ಕಾಲದ್ದು.

ಎಣ್ಣೆಗೆ ಎಸ್.ಪಿ. ರಸ್ತೆಯ ಹಾರ್ಡ್‌ವೇರ್ ಅಂಗಡಿಗಳಲ್ಲಿ ಕೇಳಿನೋಡು. ‘ಬಾಯಿಲ್ಡ್’ ಅಂತ ಬರೆದ ಅಗಸೆ ಎಣ್ಣೆಯೇ ಬೇಕು. ಹಸಿ ಎಣ್ಣೆ ಒಣಗಲು ಬಹಳ ದಿನ ಹಿಡಿಯುತ್ತದೆ. ಸ್ವಲ್ಪವೇ ಅಂಗೈಗೆ ಹಾಕಿಕೊಂಡು, ಮರ ಬಿಸಿಯಾಗುವ ಹಾಗೆ ತಿಕ್ಕು. ಕಾಲು ಗಂಟೆ ಬಿಟ್ಟು, ಉಳಿದದ್ದನ್ನು ಪೂರ್ತಿ ಒರಸಿ ತೆಗಿ. ಮಿಗಿಸಿದರೆ ಜಿಗುಟಾಗಿ ಕೂರುತ್ತದೆ. ಪೂರ್ತಿ ಒಣಗಿದ ಮೇಲೆಯೇ ಮುಂದಿನ ಕೈ ಎಣ್ಣೆ. ಮಳೆಗಾಲದಲ್ಲಿ ನಮ್ಮೂರ ಥಂಡಿಗೆ ಒಣಗುವುದು ನಿಧಾನ, ಫೆಬ್ರವರಿ ಬರಲಿ ಅಂತ ಕಾಯ್ದರೂ ತಪ್ಪಿಲ್ಲ. ನಳಿಗೆ ಕೂರುವ ಮರದ ಒಳಗಿನ ತೋಡಿಗೂ ಹಚ್ಚು, ಮದ್ದಿನ ಮಸಿ ತೇವ ಎಳೆದುಕೊಳ್ಳುವುದು ಅಲ್ಲೇ.

ಒರಸಿದ ಬಟ್ಟೆಯನ್ನು ಮುದ್ದೆ ಮಾಡಿ ಡಸ್ಟ್‌ಬಿನ್‌ಗೆ ಹಾಕಬೇಡ. ಅಗಸೆ ಎಣ್ಣೆ ಒಣಗುವಾಗ ಗಾಳಿ ಸೇರಿ ಬಿಸಿ ಹುಟ್ಟುತ್ತದೆ, ಮುದ್ದೆಯಾದ ಬಟ್ಟೆ ತಾನಾಗೇ ಹೊತ್ತಿಕೊಳ್ಳಬಹುದು. ಬಾಲ್ಕನಿಯಲ್ಲಿ ಒಂದೊಂದಾಗಿ ಹರಡಿ ಒಣಗಿಸು, ಇಲ್ಲಾ ನೀರಿನ ಬಕೆಟ್‌ನಲ್ಲಿ ಮುಳುಗಿಸಿಡು.

ಬರೀ ಮರ ತಾನೇ ಅಂತ ಪಾಲಿಶ್ ಅಂಗಡಿಯಲ್ಲಿ ಬಿಟ್ಟು ಬರಬೇಡ. 1959ರ ಆಯುಧ ಕಾಯ್ದೆಯಲ್ಲಿ ಕೋವಿಯ ಬಿಡಿಭಾಗವೂ ಆಯುಧವೇ. ಹಳೇದು, ಲೈಸೆನ್ಸ್ ಬೇಕಿಲ್ಲ ಅಂತ ಯಾರಾದರೂ ಅಂದರೂ ನಂಬಬೇಡ. ರಿಪೇರಿ ಮಾಡಿದರೂ ಹಾರದ ಕೋವಿಗೆ ಮಾತ್ರ ಆ ವಿನಾಯಿತಿ. ಬಿಚ್ಚಿದ ನಳಿಗೆಯನ್ನು ಬೀರುವಿನಲ್ಲಿಟ್ಟು ಬೀಗ ಹಾಕು, ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರೆ.

ಬಿಚ್ಚುವ ಮೊದಲು ಒಂದು ಮಾತು ತಿಳಿಸು. ತಿರುಪಿನ ತಲೆಯ ಸೀಳಿಗೆ ಸರಿಯಾಗಿ ಕೂರುವ ಸ್ಕ್ರೂಡ್ರೈವರ್ ನನ್ನ ಹತ್ತಿರ ಇವೆ, ತಂದುಕೊಡುತ್ತೇನೆ.

ಇಂತಿ ನಿನ್ನ
ದೊಡ್ಡಪ್ಪ