ಎರಡನೇ ಲೋಟ

ಪ್ರೀತಿಯ ಗೆಳತಿ,

ನಿಮ್ಮ ಕಾಗದ, ಜೊತೆಗೆ ಕಳಿಸಿದ ಕತೆಯ ಎರಡು ಪುಟ, ಎರಡನ್ನೂ ಓದಿದೆ. ಆರು ತಿಂಗಳಿಂದ ಈ ಎರಡು ಪುಟಗಳನ್ನೇ ತಿದ್ದುತ್ತಾ ಕೂತಿದ್ದೀರಿ ಅಂತ ತಿಳಿದು ಸಂಕಟವಾಯಿತು. ನನ್ನ ಮೊದಲ ಕಾದಂಬರಿ ಹೀಗೇ ಎರಡು ವರ್ಷ ನಿಂತಿತ್ತು.

ಮೊದಲ ಪುಟದ ತುಂಬ ಆ ಹೆಂಗಸಿನ ಮದುವೆ, ಗಂಡನ ಕಾಯಿಲೆ, ಸಾವು. ಎಲ್ಲ ಹಿಂದಿನ ಕತೆ. ಎರಡನೇ ಪುಟದಲ್ಲಿ ಅವಳು ಬೆಳಗ್ಗೆ ಎದ್ದು ಎರಡು ಲೋಟ ತೆಗೆಯುತ್ತಾಳೆ. ಸ್ವಲ್ಪ ಹೊತ್ತು ನಿಂತು, ಒಂದನ್ನು ತಿರುಗಿ ಕಪಾಟಿನಲ್ಲಿಡುತ್ತಾಳೆ. ಅಲ್ಲಿ ನನ್ನ ಓದು ನಿಂತುಬಿಟ್ಟಿತು. ಆದರೆ ಅದರ ಬೆನ್ನಿಗೇ ‘ಗಂಡನಿಲ್ಲದ ಮನೆ ಬಿಕೋ ಅನ್ನುತ್ತಿತ್ತು’ ಅಂತ ಬರೆದಿದ್ದೀರಿ. ಲೋಟ ಆಗಲೇ ಹೇಳಿತಲ್ವಾ? ತಿದ್ದುವಾಗ ಆ ಸಾಲು ಹೊಡೆದುಹಾಕಿ. ನನಗೆ ಕೇಳಿದರೆ ನಿಮ್ಮ ಕತೆ ಶುರುವಾಗುವುದೇ ಆ ಲೋಟದಿಂದ.

ಆದರೆ ಈಗಲೇ ತಿದ್ದಬೇಡಿ. ಕೊನೆ ಗೊತ್ತಾಗದೆ ಮೊದಲು ಹೇಗಿರಬೇಕು ಅಂತ ತಿಳಿಯುವುದಿಲ್ಲ. ಸುಮ್ನೆ ಮುಂದೆ ಬರೆಯುತ್ತಾ ಹೋಗಿ. ಒಂದು ಹೆಸರು ಹೊಳೆಯದಿದ್ದರೆ ಜಾಗ ಖಾಲಿ ಬಿಡಿ. ಒಂದು ಸನ್ನಿವೇಶ ಬರೆಯಲಾಗದಿದ್ದರೆ ‘ಇಲ್ಲಿ ಜಗಳ’ ಅಂತ ಗುರುತು ಹಾಕಿ ದಾಟಿಬಿಡಿ.

ಕೆಲಸದ ನಡುವೆ ಹೊತ್ತೇ ಸಿಗುವುದಿಲ್ಲ ಅಂದಿದ್ದೀರಿ. 19ನೇ ಶತಮಾನದ ಇಂಗ್ಲಿಷ್ ಕಾದಂಬರಿಕಾರ ಆಂಟನಿ ಟ್ರೋಲಪ್ ಅಂಚೆ ಇಲಾಖೆಯಲ್ಲಿದ್ದವರು. ಬೆಳಗ್ಗೆ 5.30ಕ್ಕೇ ಮೇಜಿಗೆ ಕೂತು, ಗಡಿಯಾರ ಮುಂದಿಟ್ಟುಕೊಂಡು, ಕಾಲು ಗಂಟೆಗೆ 250 ಪದದಂತೆ ಬರೆಯುತ್ತಿದ್ದರು. ಒಟ್ಟು 47 ಕಾದಂಬರಿ ಬರೆದರು. ಅಷ್ಟು ವೇಗ ನಿಮಗೆ ಬೇಕಿಲ್ಲ, ನನಗೂ ಬಂದಿಲ್ಲ. ದಿನಾ ಅರ್ಧ ಗಂಟೆ, ಆದಷ್ಟೂ ಅದೇ ಹೊತ್ತಿಗೆ ಕೂತರೆ ಸಾಕು. ಮುಂದಿನ ಸಾಲು ತಲೆಯಲ್ಲಿ ಇರುವಾಗಲೇ ಎದ್ದುಬಿಡಿ. ಮರುದಿನ ಆ ಸಾಲು ನಿಮಗಾಗಿ ಕಾಯುತ್ತಿರುತ್ತದೆ, ಖಾಲಿ ಹಾಳೆಯ ಭಯ ಇರುವುದಿಲ್ಲ.

ಮುಗಿದ ಮೇಲೆ ಮೂರು ವಾರ ಎತ್ತಿಡಿ. ಆಮೇಲೆ ಬಾಯಿಬಿಟ್ಟು ಓದಿ, ಮನಸ್ಸಿನಲ್ಲಲ್ಲ. ನಾಲಿಗೆ ತಡವರಿಸಿದಲ್ಲಿ ಪೆನ್ಸಿಲಿನಿಂದ ಗೆರೆ ಹಾಕಿ. ಮಾತುಕತೆಯಲ್ಲಿ ಇದು ಜಾಸ್ತಿ ಉಪಯೋಗಕ್ಕೆ ಬರುತ್ತದೆ. ನಿಮ್ಮ ಕತೆಯ ಎಂಟು ವರ್ಷದ ಹುಡುಗ ಮೇಷ್ಟರ ಹಾಗೆ ಮಾತಾಡುತ್ತಿದ್ದಾನೆ. ಕಣ್ಣಿಗೆ ತಪ್ಪಿಸಿಕೊಂಡದ್ದು ಕಿವಿಗೆ ಸಿಗುತ್ತದೆ. ಇನ್ನೊಬ್ಬರಿಗೆ ಕೊಟ್ಟರೆ ‘ಹೇಗಿದೆ’ ಅಂತ ಕೇಳಬೇಡಿ. ‘ಎಲ್ಲಿ ಬೇಜಾರಾಯಿತು’ ಅಂತ ಕೇಳಿ.

ಕಪಾಟಿನಲ್ಲಿಟ್ಟ ಆ ಎರಡನೇ ಲೋಟ ಮತ್ತೆ ಯಾವಾಗ ಹೊರಗೆ ಬರುತ್ತದೆ, ಯಾರಿಗಾಗಿ? ನನಗೆ ನಿಜವಾಗಿಯೂ ತಿಳಿಯಬೇಕು. ಪೂರ್ತಿ ಬರೆದು ಕಳಿಸಿ.

ಪ್ರೀತಿಯಿಂದ,
ನಿಮ್ಮ ಹಿರಿಯ ಗೆಳೆಯ