ಸ್ವೀಡನ್ನಿನ ಉಪ್ಸಾಲಾದಲ್ಲಿರುವ ಪುಟ್ಟಿಗೆ

ಚಿ. ಪುಟ್ಟಿಗೆ ನಿನ್ನ ಸೋದರಮಾವನ ಆಶೀರ್ವಾದಗಳು.

ಊರಿನ ಸಮಾಚಾರವನ್ನೆಲ್ಲ ನಿನ್ನಮ್ಮ ಫೋನಿನಲ್ಲಿ ಒಪ್ಪಿಸಿರುತ್ತಾಳೆ, ಅದು ಬಿಡು. ನಿನ್ನ ಪತ್ರದಲ್ಲಿ ಚಳಿ, ಬಾಡಿಗೆ, ಹೊಸ ಗೈಡು ಎಲ್ಲ ಓದಿದೆ. ಕಡೆಗೆ, ಸಹಿಯ ಮೇಲೆ, ಇಕ್ಕಟ್ಟಿನಲ್ಲಿ ಒಂದು ಸಾಲು ತುರುಕಿದ್ದೀಯ: "ಸತ್ತವರ ಲೆಕ್ಕ ಬರೀವಾಗ ಈಗೀಗ ಏನೂ ಅನ್ನಿಸ್ತಿಲ್ಲ ಮಾವ, ಕಲ್ಲಾಗ್ತಿದೀನಾ?" ಅದಾದ ಮೇಲೆ ಉಳಿದದ್ದು ನನ್ನ ತಲೆಗೆ ಹತ್ತಲಿಲ್ಲ. ನಿನ್ನಮ್ಮನಿಗೆ ಹೇಳಿಲ್ಲ. ಹೇಳಿದರೆ ನಾಳೆಯೇ ಗಂಟುಮೂಟೆ ಕಟ್ಟು ಅಂತಾಳೆ.

ಲೋಕದ ಕಾಳಗಗಳಲ್ಲಿ ಸತ್ತವರನ್ನು ಎಣಿಸುವ ನಿನ್ನ ಕೆಲಸ ನನಗೆ ಅರ್ಥವಾಗಿರುವುದು ಇಷ್ಟು. ಎಲ್ಲೋ ಒಂದು ಹಳ್ಳಿಯ ಮೇಲೆ ದಾಳಿಯಾದ ಸುದ್ದಿ ಬರುತ್ತದೆ. ದಿನಾಂಕ, ಊರು, ಯಾರು ಯಾರ ಮೇಲೆ ಬಿದ್ದರು ಎಂದು ತುಂಬಿ, ಸಾವಿಗೆ ಮೂರು ಅಂಕಿ ಕೊಡಬೇಕು: ಕಡಿಮೆಯೆಂದರೆ ಎಷ್ಟು, ಹೆಚ್ಚೆಂದರೆ ಎಷ್ಟು, ನಂಬಬಹುದಾದ್ದು ಎಷ್ಟು. ಒಂದು ಕಡೆ ಸರ್ಕಾರವಿರುವ ಕಾಳಗದಲ್ಲಿ ವರ್ಷಕ್ಕೆ 25 ಜನ ಸತ್ತರೆ ಅದು ಸಶಸ್ತ್ರ ಸಂಘರ್ಷ, 1,000 ಮುಟ್ಟಿದರೆ ಯುದ್ಧ. 24ಕ್ಕೆ ನಿಂತರೆ? ರಾತ್ರಿ ಮಲಗಿದ ಮೇಲೆ ಈ ಪ್ರಶ್ನೆ ಹೊಳೆದು ಎದ್ದು ಕೂತೆ. ಗೆರೆಯನ್ನು ಎಲ್ಲಾದರೂ ಎಳೆಯಲೇಬೇಕು, ನಿಜ. ನಮ್ಮ ಕಂದಾಯ ಇಲಾಖೆಯಲ್ಲೂ ಬೆಳೆಹಾನಿ ಶೇ. 50 ಆದರೇ ಪರಿಹಾರ ಎಂದಿತ್ತು, ಈಗ ಶೇ. 33ಕ್ಕೆ ಇಳಿಸಿದ್ದಾರೆ. ಗೆರೆಯ ಕೆಳಗೆ ಉಳಿದ ರೈತನ ಮುಖ ನೋಡಬೇಕಾದವನು ಮಾತ್ರ ನಾನು. ನಿನಗೆ ಆ ಮುಖಗಳೂ ಕಾಣುವುದಿಲ್ಲ. ಅದರಿಂದಲೇ ಹೀಗಾಗುತ್ತಿದೆಯೋ ಏನೋ.

ನಾನು ಗ್ರಾಮಲೆಕ್ಕಿಗನಾಗಿ ಸೇರಿದಾಗ ಪಹಣಿ, ವಸೂಲಿಯ ಜೊತೆ ಜನನ ಮರಣದ ರಿಜಿಸ್ಟರೂ ನನ್ನ ಕೊರಳಿಗೇ ಬಿತ್ತು. 1969ರ ಕಾಯ್ದೆಯ ಪ್ರಕಾರ ಗೊತ್ತಾದ ದಿನಗಳೊಳಗೆ (ಈಗ 21 ದಿನ) ಸಾವನ್ನು ತಿಳಿಸಬೇಕು. ಯಾರು ತಿಳಿಸುತ್ತಿದ್ದರು? ಪೌತಿ ಖಾತೆ ಮಾಡಿಸಬೇಕಾದವರು ಬರುತ್ತಿದ್ದರು. ಜಮೀನಿಲ್ಲದವರು, ಹೆಂಗಸರು, ಕೂಸುಗಳು ಸತ್ತರೆ ಆ ಕಾಗದ ಯಾರಿಗೂ ಬೇಕಿರಲಿಲ್ಲ. ಪತ್ರಕರ್ತ ಕಾಲಿಡದ ಕಡೆ ಸತ್ತವರು ನಿಮ್ಮ ಪಟ್ಟಿಗೂ ಸಿಗುವುದಿಲ್ಲ ಎಂದು ನೀನು ಬರೆದಾಗ, ಅಯ್ಯೋ, ಅಲ್ಲೂ ಇದೇ ಕಥೆಯೇ ಅಂದುಕೊಂಡೆ.

ಒಂದು ಬೇಸಿಗೆ ನನ್ನ ವೃತ್ತದ ಹಟ್ಟಿಯೊಂದರಲ್ಲಿ ವಾಂತಿಭೇದಿ ಹೊಕ್ಕಿತು. ತಳವಾರ ಮನೆಮನೆ ತಿರುಗಿ ಹೇಳಿದ, ನಾನು ಬರೆದುಕೊಂಡೆ. ಹೆಸರಿಡದ ಕೂಸುಗಳಿಗೆ ಗಂಡು ಶಿಶು, ಹೆಣ್ಣು ಶಿಶು. ಬರೆದು ಮುಗಿಸಿ ಮನೆಗೆ ಬಂದು, ಕೈ ತೊಳೆದು, ಮುದ್ದೆ ಉಂಡೆ. ಸಾರು ರುಚಿಯಾಗಿದೆ ಎಂದು ಇನ್ನೊಮ್ಮೆ ಹಾಕಿಸಿಕೊಂಡೆ. ಮಲಗುವಾಗ ಗಾಬರಿಯಾಯಿತು. ಅದು ಗಂಟಲಲ್ಲಿ ಇಳಿದದ್ದಾದರೂ ಹೇಗೆ? ನಿನ್ನ ಸಾಲು ಓದಿದಾಗ ನನಗೆ ನೆನಪಾದದ್ದು ಆ ಮುದ್ದೆ. ನಿಮ್ಮತ್ತೆಗೆ ಹೇಳಬೇಕೆಂದುಕೊಂಡೇ ಕಾಲ ಕಳೆದೆ, ಈಗ ಕೇಳಲು ಅವಳಿಲ್ಲ. ನೀನು ಬರೆದಾದರೂ ಕೇಳಿದೆ, ಅಷ್ಟರ ಮಟ್ಟಿಗೆ ನನಗಿಂತ ಜಾಣೆ.

ಮೇಲಿನ ಒಬ್ಬರು, "ವಾಂತಿಭೇದಿ ಅಂತ ಯಾಕಪ್ಪ, ಜ್ವರ ಅಂತ ಬರಿ, ವಿಚಾರಣೆ ತಾಪತ್ರಯ ಇರಲ್ಲ" ಎಂದರು. ಬರೆಯಲಿಲ್ಲ. ಧೈರ್ಯವೇನಲ್ಲ, ಕೈ ಓಡಲಿಲ್ಲ, ಅಷ್ಟೆ. ನೀನೂ ಅದೇ ಪತ್ರದಲ್ಲಿ, ಇಥಿಯೋಪಿಯಾದ ಟಿಗ್ರೇ ಪ್ರಾಂತ್ಯದ ಎರಡು ಸುದ್ದಿಗಳು ಒಂದೇ ದಾಳಿಯವೋ ಬೇರೆಬೇರೆಯವೋ ಎಂದು ಒಂದು ಮಧ್ಯಾಹ್ನವೆಲ್ಲ ಹೆಣಗಿದೆ ಅಂತ ಬರೆದಿದ್ದೀಯ. ಕಲ್ಲಾದವಳಿಗೆ ಅದೆಲ್ಲ ಯಾಕೆ ಬೇಕಿತ್ತು? ಒಬ್ಬರನ್ನು ಎರಡು ಸಲ ಸಾಯಿಸಬಾರದು, ಸತ್ತವರೊಬ್ಬರೂ ಬಿಟ್ಟುಹೋಗಬಾರದು ಎಂಬ ಆ ಒದ್ದಾಟವನ್ನು ನಾನು ಮರುಕವೆಂದೇ ಲೆಕ್ಕಕ್ಕೆ ಹಿಡಿಯುತ್ತೇನೆ. ಆದರೂ ಪುಟ್ಟೀ, ಇದು ಸಮಾಧಾನಕ್ಕೆ ಹೇಳಿದ ಮಾತಾಯಿತೇನೋ. ನಿನ್ನ ಸಾಲು ಇನ್ನೂ ಕಾಡುತ್ತಿದೆ.

ಹೋದ ವರ್ಷ ನೀನು ಹೇಳಿದ್ದೆಯಲ್ಲ ರಿಚರ್ಡ್‌ಸನ್ ಎಂಬ ಇಂಗ್ಲಿಷರವನ ಸಂಗತಿ? ಮೊದಲ ಮಹಾಯುದ್ಧದಲ್ಲಿ ಬಂದೂಕು ಹಿಡಿಯದೆ ಫ್ರಾನ್ಸಿನಲ್ಲಿ ಆಂಬುಲೆನ್ಸ್ ಓಡಿಸಿದವನು. ಹವಾಮಾನ ಇಲಾಖೆಯನ್ನು ವಾಯುಪಡೆಯ ಮಂತ್ರಾಲಯಕ್ಕೆ ಸೇರಿಸಿದರೆಂದು 1920ರಲ್ಲಿ ಕೆಲಸವನ್ನೇ ಬಿಟ್ಟವನು. ಮುಂದೆ ಒಂದು ಕೊಲೆಯಿಂದ ಹಿಡಿದು ಮಹಾಯುದ್ಧದವರೆಗೆ ಎಲ್ಲವನ್ನೂ ಒಂದೇ ಅಳತೆಗೋಲಿನಲ್ಲಿ ಎಣಿಸುತ್ತ ಕೂತ. ಗಾಯಾಳುಗಳನ್ನು ಹೊತ್ತವನೇ ಲೆಕ್ಕವನ್ನೂ ಬರೆದ. ಬರೆಯುವಾಗ ದಿನಾ ಅತ್ತಿದ್ದರೆ 1953ರಲ್ಲಿ ಸಾಯುವವರೆಗೆ ಆ ಕೆಲಸ ಹಿಡಿದಿರಲು ಆಗುತ್ತಿತ್ತೇ?

ನನಗೂ ಇಂಥದ್ದನ್ನೇ ಓದುವ ಆಸೆಯಿತ್ತು. 1964ರಲ್ಲಿ ನಮ್ಮ ಕೊಡಗಿನ ಜನರಲ್ ತಿಮ್ಮಯ್ಯ ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯ ದಂಡನಾಯಕರಾಗಿ ಸೈಪ್ರಸ್‌ಗೆ ಹೋದಾಗ ಅಪ್ಪ ಅಟ್ಲಾಸ್ ಹರಡಿ ಆ ದ್ವೀಪ ತೋರಿಸಿದ್ದರು. ಮರುವರ್ಷ ಅವರು ಅಲ್ಲೇ ತೀರಿಕೊಂಡರೆಂದು ರೇಡಿಯೋದಲ್ಲಿ ಬಂದಾಗ ಅಪ್ಪ ಅವತ್ತು ಊಟ ಮಾಡಲಿಲ್ಲ. ಮಾನಸಗಂಗೋತ್ರಿಗೆ ಎಂ.ಎ.ಗೆ ಅರ್ಜಿ ಹಾಕಿದೆ, ಅಷ್ಟರಲ್ಲಿ ನೌಕರಿಯ ಆರ್ಡರ್ ಬಂತು, ತಂಗಿಯರ ಮದುವೆ ಇತ್ತು. ಆ ಪುಸ್ತಕಗಳನ್ನು ನೀನು ಓದುತ್ತಿದ್ದೀಯ ಎಂದು ಬೀಗುತ್ತಿದ್ದೆ, ಅದಕ್ಕೆ ತೆರಬೇಕಾದ ಬೆಲೆ ಇಷ್ಟೆಂದು ಯೋಚಿಸಿರಲಿಲ್ಲ.

ನಿನ್ನ ಕೆಲಸದಲ್ಲಿ ಬುದ್ಧಿ ಹೇಳುವ ಯೋಗ್ಯತೆ ನನಗಿಲ್ಲ. ಆದರೂ, ಬರಹದ ವರದಿ ಸಾಕಾಗುವ ಕಡೆ ವಿಡಿಯೋ ನೋಡಬೇಡ. ಆ ಮೇಜಿನ ಮೇಲೆ ಊಟದ ಡಬ್ಬಿ ಬಿಚ್ಚಬೇಡ. ಡಿಸೆಂಬರಿನಲ್ಲಿ ಅಲ್ಲಿ ಮಧ್ಯಾಹ್ನ ಮೂರಕ್ಕೇ ಕತ್ತಲಂತೆ, ಬೆಳಕಿರುವಾಗ ಒಂದು ಸುತ್ತು ಹೊರಗೆ ಹೋಗು. ಆಂಜನೇಯನ ಗುಡಿಗೆ ಹೋಗು ಎನ್ನುತ್ತಿದ್ದೆ, ಅಲ್ಲಿ ಎಲ್ಲಿಂದ ತರುವುದು. ನಿಮ್ಮ ವಿಭಾಗದಲ್ಲಿ ಈ ಲೆಕ್ಕ ಬರೆಯುವವರು ಬೇರೆಯವರೂ ಇದ್ದಾರಲ್ಲ, ಅವರಲ್ಲಿ ಹಳಬರೊಬ್ಬರನ್ನು ನಿನಗೂ ಹೀಗಾಗಿತ್ತಾ ಎಂದು ಕೇಳಿನೋಡು. ನಾನು ಯಾರನ್ನೂ ಕೇಳಲಿಲ್ಲ.

ಗೈಡಿಗೆ ಹೇಳಿ ಟಿಗ್ರೇಯನ್ನು ಸ್ವಲ್ಪ ದಿನ ಬೇರೆಯವರಿಗೆ ಒಪ್ಪಿಸಲು ಆಗುತ್ತದೆಯೇ ವಿಚಾರಿಸು. ನಾಚಿಕೆ ಬೇಡ, ವೃತ್ತ ಬದಲಿಸಿಕೊಡಿ ಎಂದು ನಾವೂ ತಹಶೀಲ್ದಾರರಿಗೆ ಅರ್ಜಿ ಹಾಕುತ್ತಿದ್ದೆವು. ಅವರು ಏನಂದರೆಂದು ತಿಳಿಸು. ನನ್ನ ನಂಬರಿಗೇ ಕಳಿಸು, ಮನೆಯವರ ಗುಂಪಿಗೆ ಹಾಕಬೇಡ.

ನಿನ್ನ ಮಾವ