ಕೆಂಪಿಯ ಹಂಗಿನಲ್ಲಿ

ಪ್ರಿಯ ಗೆಳೆಯಾ,

ನಿನ್ನ ಪತ್ರ ಬಂದು ಹದಿನೈದು ದಿನವಾಯಿತು. ಉತ್ತರ ತಡವಾದದ್ದಕ್ಕೆ ಮಳೆ ಕಾರಣ ಎನ್ನಬಹುದಿತ್ತು. ಮೂಡಿಗೆರೆಯ ಕಡೆ ಎಲ್ಲ ತಪ್ಪನ್ನೂ ಮಳೆಯ ತಲೆಗೆ ಕಟ್ಟುವ ರೂಢಿಯಿದೆ. ನಿಜವಾದ ಕಾರಣ ನೀನು ಬರೆದ ಒಂದು ಸಾಲು: "ನೀನು ಪುಣ್ಯವಂತ ಕಣೋ, ಯಾರ ಹಂಗೂ ಇಲ್ಲದೆ ಬದುಕುತ್ತಿದ್ದೀಯ." ಓದಿದಾಗ ನಗು ಬಂತು, ಆಮೇಲೆ ಸ್ವಲ್ಪ ಸಿಟ್ಟೂ ಬಂತು.

ಹಂಗಿಲ್ಲದೆ? ನಾನು ಒಂದು ಹಸುವಿನ ಹಂಗಿನಲ್ಲಿದ್ದೇನೆ ಮಾರಾಯ. ಕೆಂಪಿ ಮಲೆನಾಡು ಗಿಡ್ಡ ತಳಿಯವಳು. ನನ್ನ ಸೊಂಟದಷ್ಟು ಎತ್ತರ, ಹೊತ್ತಿಗೆ ಒಂದು ಲೀಟರ್ ಹಾಲು, ಅದೂ ಮನಸ್ಸಿದ್ದರೆ. ನನ್ನ ಹೆಂಡತಿ ಕೂತರೆ ಹಾಲು ಇಳಿಸುತ್ತಾಳೆ, ನಾನು ಕೂತರೆ ಚೆಂಬು ಒದೆಯುತ್ತಾಳೆ. ಹಾಸನದಲ್ಲಿ ತಂಗಿಯ ಗೃಹಪ್ರವೇಶಕ್ಕೆ ಹೋದವರು ರಾತ್ರಿ ಉಳಿಯದೆ ಕಡೆಯ ಬಸ್ಸಿಗೆ ಓಡಿಬಂದೆವು. ತಂಗಿ ಇನ್ನೂ ಸರಿಯಾಗಿ ಮಾತನಾಡುತ್ತಿಲ್ಲ.

ಆದರೆ ಇಡೀ ತೋಟ ನಿಂತಿರುವುದು ಕೆಂಪಿಯ ಮೇಲೆಯೇ. 200 ಲೀಟರಿನ ಡ್ರಮ್ಮಿನ ನೀರಿಗೆ 10 ಕೆಜಿ ಸಗಣಿ, 10 ಲೀಟರ್ ಗಂಜಲ, 2 ಕೆಜಿ ಬೆಲ್ಲ, 2 ಕೆಜಿ ಕಡಲೆಹಿಟ್ಟು, ತೋಟದ ಒಂದು ಹಿಡಿ ಮಣ್ಣು. ನೆರಳಿನಲ್ಲಿಟ್ಟು ಎರಡು ದಿನ ಕೋಲಾಡಿಸಿದರೆ ಒಂದು ಎಕರೆಗೆ ಸಾಕಾಗುವ ಜೀವಾಮೃತ ಎಂಬ ದ್ರವಗೊಬ್ಬರ. ಎರಡನೆಯ ದಿನ ಬೆಳಿಗ್ಗೆ ಮುಚ್ಚಳ ತೆಗೆದಾಗ ನೊರೆ ಚಿಟಚಿಟ ಒಡೆಯುತ್ತಿರುತ್ತದೆ, ಹುಳಿಬಂದ ಹಿಟ್ಟಿನಂಥ ವಾಸನೆ. ಬೆಲ್ಲದ ಲೆಕ್ಕ ಅಮ್ಮನದು. "ಗಿಡಕ್ಕೆ ಪಾಯಸ, ನಮಗೆ ಸಪ್ಪೆ ಗಂಜಿ" ಎಂದು ಪ್ರತಿ ಸಲವೂ ಗೊಣಗುತ್ತಾರೆ.

ಇನ್ನು ಕಾಫಿ. ಎರಡೇ ಎಕರೆ ರೊಬಸ್ಟಾ, ಆದರೆ ನನ್ನ ಬೆನ್ನು ಬಗ್ಗಿಸಿರುವುದು ಕಾಯಿಕೊರಕ. 1990ರಲ್ಲಿ ನೀಲಗಿರಿಯ ಗೂಡಲೂರಿನಲ್ಲಿ ನಮ್ಮ ದೇಶಕ್ಕೆ ಮೊದಲು ಮುಖ ತೋರಿಸಿದ ಹುಳು ಇದು; ಈಗ ಇಲ್ಲಿಯ ಮನೆಮಗನಾಗಿದೆ. ಹಣ್ಣಿನ ಹೊಕ್ಕುಳಲ್ಲಿ ಸೂಜಿ ಚುಚ್ಚಿದಂಥ ತೂತು. ಉಗುರಿನಲ್ಲಿ ಬೀಜ ಸೀಳಿದರೆ ಒಳಗೆ ಎಳ್ಳಿಗಿಂತ ಚಿಕ್ಕ ಕರಿ ದುಂಬಿ, ಸುತ್ತ ಅದರ ಮರಿಹುಳುಗಳು. ವಿಷ ಹೊಡೆಯುವುದಿಲ್ಲ ಎಂದ ಮೇಲೆ ಉಳಿದ ದಾರಿ ಒಂದೇ: ಕೊಯ್ಲಿನ ನಂತರ ಗಿಡದಲ್ಲಿ ಉಳಿದದ್ದನ್ನೂ ತರಗಿನಡಿ ಬಿದ್ದದ್ದನ್ನೂ ಆಯಬೇಕು. ಅವು ಉಳಿದರೆ ಹುಳು ಅದರಲ್ಲೇ ಕಾದಿದ್ದು ಮುಂದಿನ ಫಸಲಿಗೆ ಹತ್ತುತ್ತದೆ. ತೂತುಬಿದ್ದ ಕಾಯಿಗಳನ್ನು ಕುದಿಯುವ ನೀರಿಗೆ ಹಾಕಿ ತೆಗೆಯುತ್ತೇವೆ.

ಈ ಬೇಸಿಗೆಯಲ್ಲಿ ಹಾಗೆ ಆಯುತ್ತಾ ಕೂತಿದ್ದೆ. ತರಗು ಸರಿಸಿದಾಗ ಮೇಲಿನ ಎಲೆ ಒಣಗಿತ್ತು, ಕೆಳಗಿನದು ನರಗಳಷ್ಟೇ ಉಳಿದು ಜಾಲರಿಯಾಗಿತ್ತು, ಅದರ ಕೆಳಗಿನದನ್ನು ಎಲೆ ಎನ್ನಬೇಕೋ ಮಣ್ಣು ಎನ್ನಬೇಕೋ ತಿಳಿಯಲಿಲ್ಲ. ಮುಟ್ಟಿದರೆ ತಣ್ಣಗಿತ್ತು. ಹತ್ತು ವರ್ಷ ಬೆಂಗಳೂರಿನ ಕಚೇರಿಯಲ್ಲಿ ದುಡಿದ ನನಗೆ, ನಾನು ಮಾಡಿದ ಕೆಲಸ ಎಲ್ಲಿಗೆ ಹೋಗಿ ಸೇರುತ್ತದೆ ಎಂಬುದನ್ನು ಕೈಯಲ್ಲಿ ಮುಟ್ಟಿ ನೋಡಿದ್ದು ಅದೇ ಮೊದಲು. ಇಲ್ಲಿ ಉಳಿಯಬೇಕೆನಿಸುವುದು ಅದಕ್ಕೆ. ಗಾಳಿ, ಹಕ್ಕಿ, ಮಂಜು ಎಲ್ಲ ಇವೆ, ಇಲ್ಲವೆನ್ನುವುದಿಲ್ಲ. ಅವು ರೆಸಾರ್ಟಿನಲ್ಲಿಯೂ ಸಿಗುತ್ತವೆ.

ದುಡ್ಡಿನ ಮಾತು ಕೇಳಿದ್ದೆಯಲ್ಲ. ಕಾಫಿಯಂಥ ಬೆಳೆಗೆ ಸಾವಯವ ಪ್ರಮಾಣಪತ್ರ ಬೇಕಾದರೆ ಪರಿವರ್ತನೆಗೇ 3 ವರ್ಷ. ಆ ಮೂರು ವರ್ಷ ನಮ್ಮ ಇಳುವರಿ ಇಳಿಯಿತು, ಬೆಲೆ ಏರಲಿಲ್ಲ. ಮನೆ ನಡೆಸಿದ್ದು ಮರಗಳಿಗೆ ಹಬ್ಬಿದ ಮೆಣಸಿನ ಬಳ್ಳಿ. ನೌಕರಿ ಬಿಟ್ಟು ಸಾಲ ಮಾಡಿ ಜಮೀನು ಕೊಳ್ಳುತ್ತೇನೆ ಎನ್ನುವ ನಿನ್ನ ಯೋಚನೆ ನನಗೆ ಹಿಡಿಸಲಿಲ್ಲ. ಮೊದಲು ಒಂದು ಮಳೆಗಾಲ ಇಲ್ಲಿ ಇದ್ದು ನೋಡು. ಬಟ್ಟೆ ಒಣಗದೆ, ಕರೆಂಟಿಲ್ಲದೆ, ಕಾಲಿಗೆ ಹತ್ತಿದ ಉಂಬಳವನ್ನು ಸುಣ್ಣ ಹಚ್ಚಿ ಬಿಡಿಸಿಕೊಳ್ಳುತ್ತಾ ಇರು. ಊಟಕ್ಕೆ ತೊಂದರೆಯಿಲ್ಲ: ಕಳಲೆ, ಕೆಸುವಿನ ಪತ್ರೊಡೆ, ಬೆಳಿಗ್ಗೆ ಕಡುಬು.

ಬರುವುದಾದರೆ ಆರಿದ್ರಾ ಮಳೆ ಹಿಡಿಯುವ ಮೊದಲು ಬಾ, ಕೆಂಪಿಯ ಹಾಲನ್ನು ನೀನು ಕರೆದು ನೋಡುವೆಯಂತೆ. ಹಿತ್ತಲ ಹಲಸಿನಲ್ಲಿ ಎರಡು ಹಣ್ಣು ನಿನಗೆಂದು ಗೋಣಿ ಸುತ್ತಿಟ್ಟಿದ್ದೇನೆ. ಮಂಗಗಳಿಗೆ ಇನ್ನೂ ಸುದ್ದಿ ಮುಟ್ಟಿಲ್ಲ.

ನಿನ್ನ ಗೆಳೆಯ